ಮೋಟು ಹಿಡಿಯ ಮಾತು

ನನ್ನ ತಮ್ಮನು ಗಾಡಿಯೊಂದನ್ನು ಕೊಳ್ಳಬೇಕೆಂದಿದ್ದಾನೆ. ಕೊಳ್ಳುವವನು ಅವನು, ಸಾಲ ತೀರಿಸುವವನೂ ಅವನೇ. ಆದರೂ ಮನೆಗೆ ಹಿರಿಯನೆಂಬ ಕಾರಣದಿಂದ ಸಲಹೆಯನ್ನು ನನ್ನಲ್ಲಿ ಕೇಳಿದ. ಕಾಲೇಜಿನಲ್ಲಿ ಪಂಪ ರನ್ನರನ್ನು ಪಾಠ ಹೇಳುವವನಿಗೆ ಮೋಟಾರಿನ ಗೇರುಪೆಟ್ಟಿಗೆಯ ಗೊಡವೆ ಏಕೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ನನಗಿರುವ ಅಧಿಕಾರ ಇಷ್ಟೇ: ನಮ್ಮ ತಂದೆಯವರು ಸರಕಾರಿ ಇಲಾಖೆಯೊಂದರಲ್ಲಿ ಜೀಪಿನ ಚಾಲಕರಾಗಿದ್ದರು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸೀಮೆಯ ಹಳ್ಳಿಹಳ್ಳಿಗಳನ್ನು ಅವರು ಆ ಜೀಪಿನಲ್ಲಿ ಸುತ್ತಿದವರು. ಬೇಸಗೆಯ ರಜದಲ್ಲಿ ಹಿಂದಿನ ಸೀಟಿನಲ್ಲಿ ಕುಳಿತು ನಾನೂ ಕೆಲವು ಸಲ ಸುತ್ತಿದ್ದೇನೆ.

ಆ ಜೀಪಿನಲ್ಲಿ ಚಾಲಕನ ಎಡಗೈಯ ಬಳಿ ಮೂರು ಹಿಡಿಗಳಿದ್ದವು. ಉದ್ದನೆಯದು ಎಲ್ಲ ಗಾಡಿಗಳಲ್ಲಿಯೂ ಇರುವ ಗೇರಿನ ಹಿಡಿ. ಅದರ ಮಗ್ಗುಲಲ್ಲಿ ಎರಡು ಮೋಟು ಹಿಡಿಗಳು. ಒಂದನ್ನು ಎಳೆದರೆ ಮುಂದಿನ ಚಕ್ರಗಳಿಗೂ ಎಂಜಿನಿನ ಶಕ್ತಿ ಸೇರುತ್ತಿತ್ತು. ಇನ್ನೊಂದನ್ನು ಎಳೆದರೆ ಇರುವ ಗೇರುಗಳೆಲ್ಲವೂ ಮತ್ತಷ್ಟು ಇಳಿದು, ಗಾಡಿ ಆಮೆಯಂತೆ ನಡೆದರೂ ಆನೆಯಂತೆ ಎಳೆಯುತ್ತಿತ್ತು. ಮೊದಲನೆಯದನ್ನು ಹಾಕದೆ ಎರಡನೆಯದನ್ನು ಹಾಕಲು ಬರುತ್ತಿರಲಿಲ್ಲ. “ಉದ್ದದ್ದು ಊರಿಗೆ, ಮೋಟದ್ದು ಕಾಡಿಗೆ” ಎಂದು ತಂದೆಯವರು ಹೇಳುತ್ತಿದ್ದರು. 1941ರಲ್ಲಿ ಅಮೆರಿಕದ ಸೇನೆಗಾಗಿ ತಯಾರಾದ ವಿಲ್ಲಿಸ್ ಜೀಪಿನಿಂದ ಬಂದ ಏರ್ಪಾಡು ಅದು. ಮಹಾಯುದ್ಧ ಮುಗಿಯುವಷ್ಟರಲ್ಲಿ ಅಂಥ ಗಾಡಿಗಳು ಆರು ಲಕ್ಷಕ್ಕೂ ಮಿಕ್ಕಿ ಹೊರಬಂದಿದ್ದವು. ಮುಂದೆ ಮಹೀಂದ್ರ ಸಂಸ್ಥೆಯವರು ಅದನ್ನು ನಮ್ಮ ದೇಶದಲ್ಲಿಯೇ ಜೋಡಿಸತೊಡಗಿದರು. ‘ಜೀಪು’ ಎಂಬುದು ಅಚ್ಚಗನ್ನಡದ ಮಾತೋ ಎಂಬಷ್ಟು ನಮ್ಮ ಹಳ್ಳಿಗಳ ಬಾಯಲ್ಲಿ ನೆಲೆಸಿತು.

ಈಗ ಸಂಕಟವಾಗಿರುವುದು ಇಲ್ಲಿಯೇ. ಅಂದು ಜೀಪಿನ ಮುಖವಿದ್ದುದಕ್ಕೆ ಬಹುಮಟ್ಟಿಗೆ ಜೀಪಿನ ಹೊಟ್ಟೆಯೂ ಇರುತ್ತಿತ್ತು. ಇಂದು ಮುಖ ಬೇರೆ, ಹೊಟ್ಟೆ ಬೇರೆ. ಎತ್ತರದ ಮೈ, ಕಪ್ಪು ಅಂಚಿನ ಚಕ್ರ, ಗಡುಸಾದ ಮೂತಿ ಇಷ್ಟಿದ್ದರೆ ಎಸ್‌ಯುವಿ ಎಂಬ ಹೆಸರು ಸಿಕ್ಕಿಬಿಡುತ್ತದೆ. ಒಳಗೆ ಎಳೆಯುವವು ಮುಂದಿನ ಎರಡು ಚಕ್ರಗಳೋ ಹಿಂದಿನ ಎರಡೋ ನಾಲ್ಕೋ ಎಂಬುದನ್ನು ಕೊಳ್ಳುವವರೂ ಕೇಳುವುದಿಲ್ಲ, ಮಾರುವವರೂ ಹೇಳುವುದಿಲ್ಲ. ಬಣ್ಣವನ್ನು ಕೇಳುತ್ತೇವೆ, ಪರದೆ ಎಷ್ಟು ಅಂಗುಲವೆಂದು ಕೇಳುತ್ತೇವೆ, ಮೇಲ್ಛಾವಣಿಯಲ್ಲಿ ಕಿಟಕಿಯುಂಟೇ ಎಂದು ಕೇಳುತ್ತೇವೆ. ನಾವು ಮೊದಲು ಕೇಳಬೇಕಾದದ್ದು ಮಣ್ಣನ್ನು ಎಂಬುದು ನನ್ನ ವಾದ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನಮ್ಮದು ಬರದ ಸೀಮೆ. 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಅನಂತರ, 2022ರ ಸೆಪ್ಟೆಂಬರಿನಲ್ಲಿ. ಇಂಥ ನಾಡಿನಲ್ಲಿ ಮಳೆಯನ್ನು ನೆನೆದು ಗಾಡಿ ಕೊಳ್ಳುವವರು ಯಾರು? ತಮ್ಮನೂ ನೆನೆಯಲಿಲ್ಲ. ಹಿರಿಯೂರಿನ ಕಡೆ, ಎರೆಹೊಲಗಳ ನಡುವೆ, ಹಳ್ಳವೊಂದರ ಆಚೆಗೆ ಅವನ ತೋಟದ ಮನೆ. ಬೇರೊಬ್ಬರು ಬಳಸಿದ್ದ ಎತ್ತರದ ಗಾಡಿಯೊಂದನ್ನು ಅವನು ಕೊಂಡಿದ್ದ. ಮುಂದಿನ ಎರಡು ಚಕ್ರಗಳು ಮಾತ್ರ ಎಳೆಯುವ ಗಾಡಿ ಅದು. “ಎಲ್ಲಿ ಬೇಕಾದರೂ ಹೋಗುತ್ತದೆ” ಎಂದು ಮಾರಿದವರು ಹೇಳಿದ್ದರಂತೆ, ಇವನು ನಂಬಿದ್ದ.

2024ರ ಅಕ್ಟೋಬರಿನ ಒಂದು ರಾತ್ರಿ. ಎರಡು ದಿನದಿಂದ ಮಳೆ ಹಿಡಿದಿತ್ತು. ಹತ್ತು ಗಂಟೆಯ ಹೊತ್ತಿಗೆ ಅವ್ವನ ಮಾತು ತೊದಲಿತು, ಎಡಗೈಯಿಂದ ಲೋಟ ಜಾರಿತು. ಪಾರ್ಶ್ವವಾಯುವೆಂದು ತಮ್ಮನಿಗೂ ಅವನ ಹೆಂಡತಿಗೂ ಕೂಡಲೇ ಹೊಳೆಯಿತು. ಅವ್ವನನ್ನು ಗಾಡಿಯಲ್ಲಿ ಒರಗಿಸಿಕೊಂಡು ಹೊರಟರು. ಹಳ್ಳದ ನೀರು ದಾಟಿದ್ದಾಯಿತು. ಆಚೆಯ ದಡ ಹತ್ತುವಾಗ ಗಾಡಿ ನಿಂತಿತು. ಏರಿನಲ್ಲಿ ಗಾಡಿಯ ಭಾರವೆಲ್ಲ ಹಿಂದಕ್ಕೆ ಸರಿಯುತ್ತದೆ, ಎಳೆಯಬೇಕಾದ ಮುಂದಿನ ಚಕ್ರಗಳು ಹಗುರವಾಗುತ್ತವೆ. ಎಡದ ಚಕ್ರ ಎರೆಯಲ್ಲಿ ಗಿರಗಿರನೆ ಸುತ್ತಿತು, ಬಲದ ಚಕ್ರ ಕಲ್ಲಿನ ಮೇಲೆ ಸುಮ್ಮನೆ ನಿಂತಿತ್ತು. ಊರಿನಿಂದ ಟ್ರ್ಯಾಕ್ಟರು ಬಂದು ಎಳೆದು, ಹೆದ್ದಾರಿ ಸೇರಿ, ನಲವತ್ತು ಕಿಲೋಮೀಟರು ದೂರದ ಚಿತ್ರದುರ್ಗದ ಆಸ್ಪತ್ರೆಯನ್ನು ಮುಟ್ಟುವಷ್ಟರಲ್ಲಿ ಬೆಳಗಿನ ಜಾವ ನಾಲ್ಕು ಗಂಟೆ. ರಕ್ತ ಹೆಪ್ಪುಗಟ್ಟಿ ಬರುವ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ಆ ಹೊತ್ತು ಮೀರಿತ್ತು. ಅವ್ವ ಉಳಿದರು. ಎಡಗೈ ಮಾತ್ರ ಇಂದಿಗೂ ಸೆರಗನ್ನು ಹಿಡಿಯಲಾರದು.

ಒಂದು ಚಕ್ರ ಸುತ್ತುತ್ತಿದ್ದಾಗ ಅದರ ಜೊತೆಯ ಚಕ್ರ ಏಕೆ ನಿಂತಿತ್ತು? ತಂದೆಯವರು ಬದುಕಿದ್ದಾಗ ಇದನ್ನು ನಮಗೆ ಕಣದಲ್ಲಿಯೇ ತೋರಿಸಿದ್ದರು. ಮೇಟಿಯ ಸುತ್ತ ಹಂತಿ ಕಟ್ಟಿದಾಗ ಒಳಗಿನ ಎತ್ತು ನಿಂತಲ್ಲಿಯೇ ಹೆಜ್ಜೆ ಇಡುತ್ತದೆ, ಹೊರಗಿನ ಎತ್ತು ಓಡಬೇಕಾಗುತ್ತದೆ. ತಿರುವಿನಲ್ಲಿ ಗಾಡಿಯ ಚಕ್ರಗಳ ಪಾಡೂ ಇದೇ. ಎರಡಕ್ಕೂ ಒಂದೇ ವೇಗವೆಂದು ಕಟ್ಟಿಹಾಕಿದರೆ ಟೈರು ನೆಲವನ್ನು ಉಜ್ಜುತ್ತದೆ. ಆದುದರಿಂದ ಅಚ್ಚಿನ ನಡುವೆ ಡಿಫರೆನ್ಶಿಯಲ್ ಎಂಬ ಹಲ್ಲುಚಕ್ರಗಳ ಕೂಟವನ್ನಿಟ್ಟು, ಒಂದು ನಿಧಾನವಾಗಿಯೂ ಇನ್ನೊಂದು ಬೇಗನೆಯೂ ತಿರುಗಲು ಅವಕಾಶ ಮಾಡಿಕೊಟ್ಟಿದ್ದಾರೆ. ಈ ಔದಾರ್ಯವೇ ಕೆಸರಿನಲ್ಲಿ ಶತ್ರು. ಹಿಡಿತ ತಪ್ಪಿದ ಚಕ್ರ ಬೇಕಾದಷ್ಟು ಸುತ್ತುತ್ತದೆ, ಹಿಡಿತವುಳ್ಳದ್ದು ಕೈಕಟ್ಟಿ ಕೂರುತ್ತದೆ. ಇದಕ್ಕೆ ಮದ್ದೆಂದರೆ ಬೇಕಾದಾಗ ಎರಡು ಚಕ್ರಗಳನ್ನೂ ಬಿಗಿದುಬಿಡುವ ಲಾಕು. ಫೋರ್ಸ್ ಸಂಸ್ಥೆಯ ಗೂರ್ಖಾದಲ್ಲಿ ಹಿಂದೆ ಮುಂದೆ ಎರಡು ಕಡೆಯೂ ಇಂಥ ಲಾಕುಂಟು. ಮಾರುತಿಯವರ ಜಿಮ್ನಿಯಲ್ಲಿ ಲಾಕಿಲ್ಲ; ಸುತ್ತುವ ಚಕ್ರವನ್ನು ಬ್ರೇಕಿನಿಂದ ಹಿಡಿದು ಜೊತೆಯ ಚಕ್ರಕ್ಕೆ ಶಕ್ತಿ ಕಳಿಸುವ ಉಪಾಯವಿದೆ. ನಾಲ್ಕು ಚಕ್ರಗಳಿಗೂ ಶಕ್ತಿ ಸಲ್ಲುವ ಗಾಡಿಯೇ ಆದರೂ ಲಾಕಾಗಲಿ ಉಪಾಯವಾಗಲಿ ಇಲ್ಲದಿದ್ದರೆ, ಮುಂದಿನದೊಂದು ಹಿಂದಿನದೊಂದು ಚಕ್ರ ಜಾರಿದಾಗ ಅದೂ ಸಿಕ್ಕಿಕೊಳ್ಳಬಹುದು. ಈ ಮಾತನ್ನು ಮಾರಾಟದ ಮಳಿಗೆಯಲ್ಲಿ ಯಾರೂ ಆಡುವುದಿಲ್ಲ.

ಹಾಗೆಂದು ಎಲ್ಲರೂ ನಾಲ್ಕು ಚಕ್ರದ ಚಾಲನೆಗೆ ಹಣ ಸುರಿಯಬೇಕೆಂದು ನಾನು ಹೇಳುವುದಿಲ್ಲ. ಹೊಳಲ್ಕೆರೆಯ ಕಡೆಯಿರುವ ನಮ್ಮ ಭಾವನವರಿಗೆ ಅಡಕೆಯ ತೋಟ. ಕೆಂಪು ನೆಲ, ಗರಸಿನ ದಾರಿ. ಎಂಥ ಮಳೆ ಬಂದರೂ ಅರ್ಧ ದಿನದಲ್ಲಿ ನೀರು ಇಂಗುತ್ತದೆ. ಅವರಿಗೆ ಹಿಂದಿನ ಚಕ್ರಗಳು ಎಳೆಯುವ, ಗಟ್ಟಿ ಟೈರಿನ ಗಾಡಿ ಧಾರಾಳ ಸಾಕು. ಆದರೂ ಅವರು ಫೋರ್ ಬೈ ಫೋರ್ ಕೊಂಡಿದ್ದಾರೆ, ಎರಡು ವರ್ಷದಿಂದ ಆ ಹಿಡಿಯನ್ನು ಮುಟ್ಟಿಲ್ಲ. ಮುಟ್ಟದಿರುವುದೇ ವಾಸಿ ಎಂದೂ ಹೇಳಬೇಕು. ಏಕೆಂದರೆ ಬೇಕೆಂದಾಗ ಜೋಡಿಸುವ ಈ ಬಗೆಯ ಗಾಡಿಗಳಲ್ಲಿ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಆ ಕೊಡುಕೊಳ್ಳುವಿಕೆ ಇಲ್ಲ. ಒಣಗಿದ ಡಾಂಬರಿನ ಮೇಲೆ ನಾಲ್ಕನ್ನೂ ಜೋಡಿಸಿ ತಿರುಗಿಸಿದರೆ ಗೇರುಪೆಟ್ಟಿಗೆ ತಿರುಚಿಕೊಂಡು ನರಳುತ್ತದೆ. “ಹೆದ್ದಾರಿಯಲ್ಲಿ ಹಿಡಿತ ಬರಲೆಂದು ಫೋರ್ ಹಾಕಿದೆ” ಎಂದು ಹೆಮ್ಮೆಯಿಂದ ಹೇಳಿದವರನ್ನು ನಾನು ಬಲ್ಲೆ. ನಿಲ್ಲಿಸುವ ಹೊತ್ತಿನಲ್ಲಿ ಎಲ್ಲ ಕಾರುಗಳೂ ನಾಲ್ಕು ಚಕ್ರದವೇ ಎಂಬುದನ್ನು ಅವರು ಮರೆತಿರುತ್ತಾರೆ.

ಹೊಸದುರ್ಗದ ಗುಡ್ಡಗಳ ಕಡೆ ಬಂದರೆ ಲೆಕ್ಕವೇ ಬೇರೆ. ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದಿನವೂ ಅಲ್ಲಿ ಹತ್ತಿಳಿಯುತ್ತಾನೆ. ಅಲ್ಲಿ ಕೆಸರಿಗಿಂತ ಕಡಿದು ಮತ್ತು ಸಡಿಲ ಕಲ್ಲು ಹೆಚ್ಚು. “ಹತ್ತೋದು ದೊಡ್ಡದಲ್ಲ ಸಾರ್, ಇಳಿಯೋದು” ಎಂದ ಅವನು. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತ ಬಂದರೆ ಅದು ಕಾದು ಸೋಲುತ್ತದೆ. ತಂದೆಯವರ ಎರಡನೆಯ ಮೋಟು ಹಿಡಿ, ಈಗಿನವರು ಲೋ ರೇಂಜ್ ಎನ್ನುವುದು, ಇದ್ದರೆ ಎಂಜಿನೇ ಗಾಡಿಯನ್ನು ಹಿಂದಿನಿಂದ ಹಿಡಿದುಕೊಂಡಂತೆ ಇಳಿಸುತ್ತದೆ. ನಮ್ಮ ಸೀಮೆಯಲ್ಲಿ ನಾಲ್ಕು ಚಕ್ರದ ಚಾಲನೆ ಕೊಳ್ಳಬೇಕಾದವರು ಈ ಲೋ ರೇಂಜ್ ಇಲ್ಲದ್ದನ್ನು ಕೊಳ್ಳಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಜಾರಿದಾಗ ತಾನಾಗಿ ಉಳಿದ ಚಕ್ರಗಳಿಗೆ ಶಕ್ತಿ ಕಳಿಸುವ ಪೇಟೆಯ ಗಾಡಿಗಳು ಮಳೆಯ ಡಾಂಬರಿಗೆ ಒಳ್ಳೆಯವು. ಕಡಿದಿಗೂ ಎರೆಗೂ ಅವು ಅರ್ಧ ಮದ್ದು. (ಜೋಗಿಮಟ್ಟಿಯ ಕಾಡಿಗೆ ಇಂಥ ಗಾಡಿ ನುಗ್ಗಿಸಿ ಚಿತ್ರ ತೆಗೆದುಕೊಳ್ಳಬೇಕೆಂಬ ಉಮೇದಿನವರಿಗೆ ನನ್ನ ಬಳಿ ಸಲಹೆಯಿಲ್ಲ. ಅದು ವನ್ಯಜೀವಿಧಾಮ.)

ಹಣದ ಮಾತಿಗೆ ಬರೋಣ. ತಮ್ಮನು ಮೊದಲು ಎತ್ತಿದ್ದು ಅದನ್ನೇ. ಎರಡು ಚಕ್ರದ್ದಕ್ಕೂ ನಾಲ್ಕು ಚಕ್ರದ್ದಕ್ಕೂ ಇರುವ ಬೆಲೆಯ ಅಂತರದಲ್ಲಿ ಒಂದು ಕೊಳವೆಬಾವಿ ಕೊರೆಸಿ ಪಂಪು ಇಳಿಸಬಹುದು. ಈ ಅಂತರವೆಲ್ಲ ಯಂತ್ರದ ಬೆಲೆಯಲ್ಲ. ನಾಲ್ಕು ಮೀಟರಿನೊಳಗಿನ ಉದ್ದ, ಡೀಸೆಲ್ಲಾದರೆ 1500 ಸಿಸಿಯೊಳಗಿನ ಎಂಜಿನು ಇರುವ ಗಾಡಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇಕಡ 18. ಆ ಗೆರೆ ದಾಟಿದ ದೊಡ್ಡ ಎಸ್‌ಯುವಿಗಳಿಗೆ ಶೇಕಡ 40. 2023ರ ಜನವರಿಯಲ್ಲಿ ಹಿಂಬದಿ ಚಾಲನೆಯ ಥಾರ್ ಬಂದಾಗ ಅದರ ಡೀಸೆಲ್ ಎಂಜಿನು 1497 ಸಿಸಿ ಇದ್ದದ್ದು ಆಕಸ್ಮಿಕವಲ್ಲ. ನಾಲ್ಕು ಚಕ್ರದ ಚಾಲನೆಯ ಡೀಸೆಲ್ ಥಾರ್‌ನದು 2184 ಸಿಸಿ. ತೆರಿಗೆ ಗಾಡಿಯ ಉದ್ದವನ್ನು ಅಳೆಯುತ್ತದೆ, ಎಂಜಿನಿನ ಗಾತ್ರವನ್ನು ಅಳೆಯುತ್ತದೆ; ಮನೆಯ ಮುಂದಿನ ಮಣ್ಣನ್ನು ಅಳೆಯುವುದಿಲ್ಲ. ಹಳ್ಳದಾಚೆಯ ರೈತನಿಗೂ ನಗರದ ಶೋಕಿದಾರನಿಗೂ ಒಂದೇ ತಕ್ಕಡಿ. ಇದು ನನಗೆ ಸರಿಯೆಂದು ತೋರುವುದಿಲ್ಲ. ಆ ಎರಡು ಫರ್ಲಾಂಗು ದಾರಿಗೆ ಐವತ್ತು ಲೋಡು ಗರಸು ಸುರಿದಿದ್ದರೆ ಈ ಲೇಖನವನ್ನೇ ಬರೆಯಬೇಕಾಗಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಅರ್ಜಿ ಮೂರು ಸಲ ಹೋಗಿದೆ.

ಇನ್ನುಳಿದದ್ದು ಗೇರಿನ ಪ್ರಶ್ನೆ. ಕೈಯಿಂದ ಹಾಕುವುದೋ, ತಾನಾಗಿ ಬೀಳುವುದೋ? ನಾನು ಕೈಯದರ ಪಕ್ಷ. ಬ್ಯಾಟರಿ ಸತ್ತರೆ ನಾಲ್ಕು ಜನ ತಳ್ಳಿ ಎಂಜಿನು ಎಬ್ಬಿಸಬಹುದು. ಆಟೋಮ್ಯಾಟಿಕ್ಕನ್ನು ತಳ್ಳಿ ಎಬ್ಬಿಸಲಾಗದು. ಟ್ರ್ಯಾಕ್ಟರಿಗೆ ಕಟ್ಟಿ ಬಹುದೂರ ಎಳೆದೊಯ್ದರೆ ಅದರ ಗೇರುಪೆಟ್ಟಿಗೆ ಕೆಡುವ ಭಯವುಂಟು. ಬೆಲೆಯೂ ಲಕ್ಷ ಒಂದೂವರೆ ಲಕ್ಷ ಹೆಚ್ಚು. ಆದರೆ ಅದರ ಗುಣವನ್ನು ಮುಚ್ಚಿಡಬಾರದು. ಏರಿನಲ್ಲಿ ಅರೆಬರೆ ಕ್ಲಚ್ಚು ಒತ್ತಿ ಸುಟ್ಟುಕೊಳ್ಳುವ ಗೋಳು ಅದಕ್ಕಿಲ್ಲ. ಎಂಜಿನಿಗೂ ಗೇರಿಗೂ ನಡುವೆ ಎಣ್ಣೆಯೇ ಸುತ್ತಿ ಶಕ್ತಿಯನ್ನು ದಾಟಿಸುವುದರಿಂದ ಚಕ್ರಕ್ಕೆ ಬಲ ಎಳೆಎಳೆಯಾಗಿ, ಜರ್ಕಿಲ್ಲದೆ ಬರುತ್ತದೆ. ಕೆಸರಿನಲ್ಲಿ ಅದೊಂದು ಭಾಗ್ಯ. ಇಷ್ಟನ್ನೂ ಒಪ್ಪಿಕೊಂಡೇ, ನುರಿತ ಕೈಗೆ ಕೈಗೇರೇ ಲೇಸೆಂದು ಕಳೆದ ಭಾನುವಾರ ತೋಟದ ಜಗಲಿಯಲ್ಲಿ ಕುಳಿತು ತೀರ್ಪು ಕೊಟ್ಟೆ.

ತಮ್ಮನ ಹೆಂಡತಿ ಒಳಗಿನಿಂದ ಕಾಫಿ ತಂದವಳು ಅಲ್ಲಿಯೇ ನಿಂತಳು. “ಭಾವ, ನುರಿತ ಕೈ ಅಂದ್ರಲ್ಲ, ಯಾರ ಕೈ? ನೀವು ದುರ್ಗದಲ್ಲಿರ್ತೀರಿ. ಇವರು ವಾರಕ್ಕೆರಡು ದಿನ ಕಾಯಿ ಹಾಕ್ಕೊಂಡು ಮಾರ್ಕೆಟ್ಟಿಗೆ ಹೋಗಿರ್ತಾರೆ. ಆವತ್ತು ಅತ್ತೆಗೆ ಮತ್ತೆ ಹಂಗಾದ್ರೆ ಓಡಿಸೋಳು ನಾನು. ನನಗೆ ಬರೋದು ಗೇರಿಲ್ಲದ ಸ್ಕೂಟರು.”

ನನ್ನ ಬಳಿ ಉತ್ತರವಿರಲಿಲ್ಲ. ತಂದೆಯವರ ಜೀಪನ್ನು ತಂದೆಯವರೊಬ್ಬರೇ ಓಡಿಸುತ್ತಿದ್ದರು; ನನ್ನ ಎಣಿಕೆಯೆಲ್ಲ ಆ ಒಬ್ಬರ ಮೇಲೆಯೇ ನಿಂತಿತ್ತು. ಗೂರ್ಖಾ ಕೈಬಿಟ್ಟಿತು, ಅದರಲ್ಲಿ ಆಟೋಮ್ಯಾಟಿಕ್ ಇಲ್ಲ. ಉಳಿದವುಗಳಲ್ಲಿ ಯಾವುದೆಂದು ಹೆಸರು ಹೇಳಿ ಪುಕ್ಕಟೆ ಜಾಹೀರಾತು ಮಾಡಲಾರೆ. ನಾಲ್ಕು ಚಕ್ರದ ಚಾಲನೆ, ಲೋ ರೇಂಜ್, ತಾನಾಗಿ ಬೀಳುವ ಗೇರು, ಈ ಮೂರೂ ಇರುವುದನ್ನು ತಮ್ಮನು ಮುಂಗಡ ಕೊಟ್ಟು ಹಿಡಿದಿಟ್ಟಿದ್ದಾನೆ. ಕೊಳವೆಬಾವಿ ಮುಂದಿನ ವರ್ಷಕ್ಕೆ ಹೋಯಿತು.

ಟೈರಿನ ವಿಷಯದಲ್ಲಿ ಮಾತ್ರ ನಾನು ಸೋಲಲಿಲ್ಲ. ಕಂಪನಿಯಿಂದ ಬರುವ ಟೈರುಗಳು ಹೆದ್ದಾರಿಯನ್ನೂ ಲಕ್ಷ್ಯದಲ್ಲಿಟ್ಟು ಮಾಡಿದವು. ಒದ್ದೆ ಎರೆ ಅವುಗಳ ಗೀರುಗಳನ್ನು ಮೆತ್ತಿಬಿಟ್ಟರೆ ನಾಲ್ಕು ಚಕ್ರಗಳೂ ನುಣ್ಣನೆಯ ಒರಳುಗುಂಡುಗಳಾಗುತ್ತವೆ. ಆಗ ಒಳಗಿನ ಯಾವ ಹಿಡಿಯೂ ನೆರವಿಗೆ ಬಾರದು. ಅಗಲ ಗೀರಿನ ಕೆಸರು ಟೈರುಗಳು ಡಾಂಬರಿನ ಮೇಲೆ ಗೊರಗೊರ ಸದ್ದು ಮಾಡುತ್ತವೆಂದು ತಮ್ಮನು ಹಿಂದುಮುಂದು ನೋಡಿದ. ಜಗಲಿಯ ಕಂಬಕ್ಕೊರಗಿ ಕುಳಿತಿದ್ದ ಅವ್ವ, ಆ ರಾತ್ರಿಯ ಮಾತೆತ್ತಿದಾಗಲೆಲ್ಲ ಸುಮ್ಮನಿರುವವರು, ಅಂದು ಮಾತ್ರ ಬಾಯಿ ತೆರೆದು, “ನಿಮ್ಮಪ್ಪನ ಜೀಪೂ ಸದ್ದು ಮಾಡ್ತಿತ್ತು ಕಣೋ” ಎಂದರು. ಹೊಸ ಟೈರುಗಳನ್ನು ಹಿರಿಯೂರಿನಲ್ಲಿಯೇ ಹಾಕಿಸುವುದೆಂದಾಗಿದೆ.