ಹ್ಯಾಂಡಲ್ ಬದಲಾತು, ಕ್ಲಚ್ಚಿನ ಗತಿ ಏನ್ರಿ?

ಬೈಕಿಗೆ ಬೇರೆ ಹ್ಯಾಂಡಲ್ ಹಾಕಿಸೋರನ್ನ "ಶೋಕಿ" ಅಂತ ಬೈಯೋದು ಸುಲಭ. ನಾನಂತೂ ಬೈಯೋದಿಲ್ಲ. ಶಲವಡಿಯಂಥ ಊರಲ್ಲಿ ಬೈಕು ಬರೀ ಓಡಾಡೋ ಗಾಡಿ ಅಲ್ಲ. ಗೊಬ್ಬರದ ಚೀಲ, ಹಾಲಿನ ಕ್ಯಾನು, ಮೇವಿನ ಹೊರೆ, ನವಲಗುಂದಕ್ಕೋ ಅಣ್ಣಿಗೇರಿಗೋ ಹೋಗೋ ಹೆಂಡತಿ ಮಕ್ಕಳು, ಎಲ್ಲಾ ಅದರ ಮೇಲೇನೇ. ಬೆನ್ನು ನೋವು ಅಂತ ಎತ್ತರದ ಹ್ಯಾಂಡಲ್ ಹಾಕಿಸೋರಿದ್ದಾರೆ, ಬಿದ್ದು ಬಗ್ಗಿತು ಅಂತ ಬದಲಿಸೋರಿದ್ದಾರೆ, ಚಂದಕ್ಕೆ ಅಂತ ನೆಟ್ಟಗಿನ ಹ್ಯಾಂಡಲ್ ಹಾಕಿಸೋ ಹುಡುಗರೂ ಇದ್ದಾರೆ. ಹಾಕಿಸಲಿ ಬಿಡಿ. ನನ್ನ ತಕರಾರು ಇರೋದು ಕೆಲಸ ಮುಗಿದ ಮೇಲೆ ಬರೋ ಆ ಒಂದು ಮಾತಿನ ಬಗ್ಗೆ: "ಕ್ಲಚ್ ಬಿಗಿ ಮಾಡೇನ್ರಿ, ಆತು ಹೋಗ್ರಿ!"

ಬಿಗಿ ಮಾಡಿದರೆ ಆಗೋದಿಲ್ಲ ಸ್ವಾಮಿ. ಯಾಕೆ ಅಂತ ಸ್ವಲ್ಪ ನೋಡೋಣ.

ಕ್ಲಚ್ ಕೇಬಲ್ ಅಂದರೆ ಒಳಗೊಂದು ತಂತಿ, ಹೊರಗೊಂದು ಕವಚ. 1896ರಲ್ಲಿ ಬೌಡೆನ್ ಅನ್ನೋವ ಪೇಟೆಂಟ್ ಪಡೆದ ಉಪಾಯ ಇದು. ತಂತಿ ಎಳೀತದೆ, ಕವಚ ತಡೀತದೆ. ಲಿವರ್ ಹತ್ತಿರ ಒಂದು, ಇಂಜಿನ್ ಕಡೆ ಒಂದು ಅಡ್ಜಸ್ಟರ್ ಇರ್ತದಲ್ಲ, ಅವು ಹೊಂದಿಸೋದು ಒಳಗಿನ ತಂತಿಯ ಸಡಿಲನ್ನ ಮಾತ್ರ. ಕವಚದ ಉದ್ದ ಅವುಗಳ ಕೈಯಲ್ಲಿಲ್ಲ. ಹ್ಯಾಂಡಲ್ ನಾಲ್ಕು ಬೆರಳು ಎತ್ತರ ಆದರೆ ಹಳೇ ಕೇಬಲ್ ಗಿಡ್ಡ ಬೀಳ್ತದೆ. ನೇರ ನಿಂತಾಗ ಎಲ್ಲಾ ಸರಿ ಕಾಣ್ತದೆ. ಹ್ಯಾಂಡಲ್ ಪೂರ್ತಿ ಹೊರಳಿಸಿದಾಗ ಕೇಬಲ್ ಜಗ್ಗಿ, ನೀವು ಲಿವರ್ ಮುಟ್ಟದೇ ಇದ್ದರೂ ಕ್ಲಚ್ ಅರ್ಧ ಹಿಡಿದ ಹಾಗೆ ಆಗ್ತದೆ. ಹ್ಯಾಂಡಲ್ ತಗ್ಗಾದರೆ ಇದರ ಉಲ್ಟಾ: ಹೆಚ್ಚಾದ ಕೇಬಲ್ ಎಲ್ಲೋ ಮಡಚಿ, ಒಳಗೆ ತಂತಿ ಉಜ್ಜಿ ಉಜ್ಜಿ ಎಳೆ ಎಳೆಯಾಗಿ ಹರೀತದೆ.

ಇನ್ನು ಬಿಗಿಯ ಮಾತು. ಲಿವರಿನ ತುದಿಯಲ್ಲಿ ಒಂದಿಷ್ಟು ಸಡಿಲು ಇರಲೇಬೇಕು. ದಿನಬಳಕೆಯ ಸಣ್ಣ ಗಾಡಿಗಳಿಗೆ ಸಾಮಾನ್ಯವಾಗಿ 10ರಿಂದ 20 ಮಿಲಿಮೀಟರ್. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಅಂತಿಮ. ಕ್ಲಚ್ ಪ್ಲೇಟ್ ಸವೆದ ಹಾಗೆ ಈ ಸಡಿಲು ತಾನಾಗೇ ಕಡಿಮೆ ಆಗ್ತಾ ಹೋಗ್ತದೆ. ಮೊದಲೇ ಬಿಗಿ ಮಾಡಿಬಿಟ್ಟರೆ ಸವೆಯೋದಕ್ಕೆ ಜಾಗ ಎಲ್ಲಿ? ಪ್ಲೇಟ್ ಜಾರ್ತದೆ, ಜಾರಿ ಜಾರಿ ಸುಡ್ತದೆ. ನಮ್ಮಲ್ಲಿನ ಹೆಚ್ಚಿನ ಬೈಕುಗಳಲ್ಲಿ ಕ್ಲಚ್, ಗೇರು, ಇಂಜಿನ್ ಮೂರಕ್ಕೂ ಒಂದೇ ಆಯಿಲ್. ಸುಟ್ಟ ಪ್ಲೇಟಿನ ಪುಡಿ ಅದರಲ್ಲೇ ಸುತ್ತಾಡ್ತದೆ.

ನಮ್ಮ ಕಡೆಯ ಎರೆ ನೆಲದಲ್ಲಿ ಇದು ಇನ್ನೂ ಕೆಟ್ಟದ್ದು. ಮಳೆ ಬಿದ್ದ ಮೇಲೆ ಹೊಲದ ದಾರೀಲಿ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ ಗಾಡಿ ಮುಂದಕ್ಕೇ ಹೋಗೋದಿಲ್ಲ. ಫಸ್ಟ್ ಗೇರ್, ಅರ್ಧ ಕ್ಲಚ್, ಹ್ಯಾಂಡಲ್ ಆಕಡೆ ಈಕಡೆ... ಕೇಬಲ್ ತಪ್ಪಿದ್ದರೆ ಒಂದು ಮುಂಗಾರಿನಲ್ಲೇ ಪ್ಲೇಟ್ ಕಥೆ ಮುಗೀತು. ಕಾಲುವೆ ದಂಡೀಲಿ ಗಾಡಿ ಹೊರಳಿಸೋವಾಗ ಆಕ್ಸಿಲೇಟರ್ ಕೇಬಲ್ಲೂ ಜಗ್ಗಿ ಇಂಜಿನ್ ತಾನೇ ಏರಿದರೆ ಅದು ದುಡ್ಡಿನ ಮಾತಲ್ಲ, ಜೀವದ ಮಾತು.

"ಯೆಜ್ಡಿ ಕಾಲದಾಗ ನಾವು ಕ್ಲಚ್ ಹಿಡೀದ ಗೇರ್ ಹಾಕ್ತಿದ್ವಿ" ಅನ್ನೋ ಹಿರಿಯರು ಸಿಗ್ತಾರೆ. ನಿಜ. 1996ರ ತನಕ ಮೈಸೂರಿನ ಐಡಿಯಲ್ ಜಾವಾದಲ್ಲಿ ತಯಾರಾದ ಆ ಗಾಡಿಗಳಲ್ಲಿ ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡ್ತಿತ್ತು. ಈಗಿನ ಸಾಮಾನ್ಯ ಬೈಕಿನಲ್ಲಿ ಆ ಸೌಕರ್ಯ ಇಲ್ಲ, ಎಲ್ಲಾ ಭಾರ ಈ ಒಂದು ತಂತಿಯ ಮೇಲೆ.

ಕೆಲಸ ಏನು ದೊಡ್ಡದಲ್ಲ. ಹೊಸ ಹ್ಯಾಂಡಲ್ ಹಾಕಿದ ಮೇಲೆ ಎರಡೂ ಕಡೆ ಪೂರ್ತಿ ಹೊರಳಿಸಿ ನೋಡಿ. ಕೇಬಲ್ ಎಲ್ಲೂ ಜಗ್ಗಬಾರದು, ಎಲ್ಲೂ ಸಿಕ್ಕಬಾರದು. ಜಗ್ಗಿದರೆ ಬೇರೆ ದಾರೀಲಿ ಹಾಯಿಸಿ. ಆಗಲೂ ಸಾಲದಿದ್ದರೆ ಉದ್ದದ ಕೇಬಲ್ ತರಲೇಬೇಕು, ಅಡ್ಜಸ್ಟರ್ ಬಿಚ್ಚಿ ಬಿಚ್ಚಿ ಕೊನೇ ಮರೆಗೆ ತರಬೇಡಿ. ಉದ್ದ ಸರಿ ಆದಮೇಲೆ ಲಿವರ್ ಹತ್ತಿರದ ಅಡ್ಜಸ್ಟರನ್ನ ಒಳಗೆ ತಿರುಗಿಸಿ, ಪಾನಾ ತಗೊಂಡು ಇಂಜಿನ್ ಕಡೆಯದರಲ್ಲಿ ಸಡಿಲನ್ನ ಹೆಚ್ಚು ಕಡಿಮೆ ಹೊಂದಿಸಿ, ಲಾಕ್ ನಟ್ ಬಿಗಿ ಮಾಡಿ (ಬಿಗಿ ಮಾಡಬೇಕಾದ್ದು ಇದನ್ನ!). ಕೊನೇ ಸಣ್ಣ ಹೊಂದಾಣಿಕೆ ಲಿವರ್ ಹತ್ತಿರ. ಅಲ್ಲಿ ಅಡ್ಜಸ್ಟರ್, ನಟ್, ಲಿವರ್ ಮೂರರ ಸೀಳೂ ಒಂದೇ ಸಾಲಿಗೆ ಬರಬಾರದು, ಬಂದರೆ ಕೇಬಲ್ ಕಳಚಿಕೊಳ್ತದೆ. ಮತ್ತೆ ಎಡಕ್ಕೆ, ಬಲಕ್ಕೆ ಹೊರಳಿಸಿ ಸಡಿಲು ಅಷ್ಟೇ ಇದೆಯಾ ನೋಡಿ. ಕ್ಲಚ್ ಹಿಡಿದು ಫಸ್ಟ್ ಗೇರಲ್ಲಿ ಗಾಡಿ ತೆವಳಬಾರದು, ಬಿಟ್ಟು ಏರು ಹತ್ತುವಾಗ ಬರೀ ಇಂಜಿನ್ ಅರಚಬಾರದು. ಮುಂದಿನ ಬ್ರೇಕಿಗೂ ಇದೇ ಪರೀಕ್ಷೆ.

ನನ್ನ ಮಾತು ಇಷ್ಟೇ. ಹ್ಯಾಂಡಲ್ ಮಾರೋರು "ಕೇಬಲ್ ಸಾಲ್ತದೋ ಇಲ್ಲೋ" ಅಂತ ಮೊದಲೇ ಹೇಳಬೇಕು, ಕೂಡಿಸೋ ಮೆಕ್ಯಾನಿಕ್ ಕೇಬಲ್ ಹೊಂದಿಸೋದನ್ನ ಅದೇ ಕೆಲಸದ ಭಾಗ ಅಂತ ಹಿಡಿದು ಅದಕ್ಕೆ ಕೂಲಿ ಕೇಳಬೇಕು, ನಾವು ಚೌಕಾಸಿ ಮಾಡದೇ ಕೊಡಬೇಕು. ಕೇಬಲ್ಲಿನ ಖರ್ಚು ಕ್ಲಚ್ ಪ್ಲೇಟಿನ ಖರ್ಚಿಗಿಂತ ಎಷ್ಟೋ ಪಾಲು ಕಡಿಮೆ. ಅದನ್ನೂ ಸೇರಿಸಿ ಲೆಕ್ಕ ಹಾಕೋಕೆ ಆಗದಿದ್ದರೆ ಹಳೇ ಹ್ಯಾಂಡಲ್ಲೇ ಇರಲಿ.

ನಿಮ್ಮ ಊರ ಕಡೆ ಹೆಂಗೆ? ಹ್ಯಾಂಡಲ್ ಬದಲಿಸಿದೋರು ಯಾರಾದರೂ ಇದ್ದರೆ ಈಗಲೇ ಎದ್ದು ಹೋಗಿ ಒಮ್ಮೆ ಹೊರಳಿಸಿ ನೋಡಿ ಬನ್ನಿ, ಆಮೇಲೆ ಬೇಕಾದರೆ ಜಗಳ ಮಾಡೋಣ :)