ಪಳಗದ ಹುಡುಗನ ಪರವಾಗಿ

"ಸಾಹಿತ್ಯ ಸಂಘದ ಪತ್ರಿಕೆಗೆ ಬ್ಯಾಸ್ಕೆಟ್‌ಬಾಲಿನ ಮೇಲೆ ಲೇಖನವೇ?" ಎಂದು ಸಂಪಾದಕ ಮಹಾಶಯರು ಹುಬ್ಬೇರಿಸಿದರು. ಕತೆ ಕೊಡು, ಕವನ ಕೊಡು, ಏನೂ ಆಗದಿದ್ದರೆ ಒಂದು ಪುಸ್ತಕ ವಿಮರ್ಶೆಯನ್ನಾದರೂ ಕೊಡು ಎಂದರು. ನನ್ನ ಹತ್ತಿರ ಅವೊಂದೂ ಇಲ್ಲ. ಇರುವುದು ಒಂದು ಜಗಳ, ಮತ್ತು ಆ ಜಗಳದಿಂದ ನನಗೇ ಚುಚ್ಚಿದ ಒಂದು ಮುಳ್ಳು. ಅದನ್ನು ಬರೆದು ಹಗುರಾಗುತ್ತೇನೆ ಅಂದೆ. ಓದಿ ಮುಗಿಸಿದ ಮೇಲೆ ಬೈಯುವ ಹಕ್ಕು ಮಿತ್ರರಾದ ನಿಮಗೆ ಇದ್ದೇ ಇದೆ.

ಜಗಳ ಹುಟ್ಟಿದ್ದು 2025ರ ಜೂನ್ 26ರ ಬೆಳಿಗ್ಗೆ, ಮುಂಬಯಿಯ ನಮ್ಮ ಹಾಸ್ಟೆಲ್ಲಿನಲ್ಲಿ. ಅಮೆರಿಕದಲ್ಲಿ ಆಗಿನ್ನೂ 25ರ ರಾತ್ರಿ. ಎನ್.ಬಿ.ಎ. ತಂಡಗಳು ಸರದಿಯ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವ ದಿನ ಅದು. ತಂಡಗಳು ಮೂವತ್ತು, ಸುತ್ತು ಎರಡು. ಹೊರಗೆ ಮಳೆ, ಒಳಗೆ ಚಹಾ, ನಡುವೆ ಒಂದು ಮೊಬೈಲು, ಅದರ ಸುತ್ತ ನಾವು ಐದು ಜನ. ಪೋರ್ಟ್‌ಲೆಂಡ್ ತಂಡ ತನ್ನ 11ನೆಯ ಸರದಿಯನ್ನು ಮೆಂಫಿಸ್ ತಂಡಕ್ಕೆ ಬಿಟ್ಟುಕೊಟ್ಟಿತು. ಬದಲಿಗೆ 16ನೆಯ ಸರದಿಯಲ್ಲಿ ಆಯ್ಕೆಯಾದ ಯಾಂಗ್ ಹಾನ್ಸೆನ್ ಎಂಬ ಚೀನೀ ಹುಡುಗನನ್ನೂ, ಜೊತೆಗೆ ಮುಂದಿನ ವರ್ಷಗಳ ಕೆಲವು ಸರದಿಗಳನ್ನೂ ತೆಗೆದುಕೊಂಡಿತು. ಎತ್ತರ ಏಳು ಅಡಿ ಒಂದು ಅಂಗುಲ. ಆಡುವ ಸ್ಥಾನ ಸೆಂಟರ್, ಅಂದರೆ ಬುಟ್ಟಿಯ ಕೆಳಗೆ ಕಂಬದ ಹಾಗೆ ನಿಂತು ಕಾಯುವವನು. ಅವನಿಗೆ ಇಪ್ಪತ್ತು ತುಂಬಿದ್ದೂ ಜೂನ್ 26ರಂದೇ.

"ಏನಲೇ ಇದು! ಹದಿನಾರನೇ ನಂಬರಿಗೆ ಇವನ್ನ ಯಾಕ ತಗೊಂಡ್ರು? ಎರಡನೇ ಸುತ್ತಿನ್ಯಾಗ ಆರಾಮ ಸಿಗ್ತಿದ್ದ," ಎಂದು ನಮ್ಮ ವಿಜಾಪುರದ ಗೆಳೆಯ ಕೈ ಕೈ ಹಿಸುಕಿಕೊಂಡ. ಅವನ ಮನೆಯ ಗಂಟೇ ಹೋಯಿತೇನೋ ಅನ್ನಬೇಕು, ಹಾಗಿತ್ತು ಮುಖ.

"ನೀನು ಅವನ ಪಾಸ್ ನೋಡಿದ್ದೀಯಾ ಮಾರಾಯಾ? ಬೆನ್ನಿಗೂ ಕಣ್ಣು ಉಂಟು ಅವನಿಗೆ. ಇವ ಇನ್ನೊಬ್ಬ ಯೋಕಿಚ್, ಬೇಕಾದರೆ ಬರೆದಿಟ್ಟುಕೋ," ಎಂದ ಮಂಗಳೂರಿನವನು.

ಅಲ್ಲಿಂದ ಶುರುವಾದದ್ದು ಮಧ್ಯಾಹ್ನದ ಊಟದವರೆಗೂ ನಡೆಯಿತು. ನಾವು ಹಾಸ್ಟೆಲ್ಲಿನಲ್ಲಿ ಆಡಿದ ಮಾತುಗಳನ್ನೇ ಆ ಹೊತ್ತು ಪೋರ್ಟ್‌ಲೆಂಡಿನ ಅಭಿಮಾನಿಗಳೂ ಆಡುತ್ತಿದ್ದರು. ಒಂದು ಪಕ್ಷದ ವಾದ: ಹಿಂದಿನ ವರ್ಷ, 2024ರಲ್ಲಿ, 7ನೆಯ ಸರದಿ ಖರ್ಚು ಮಾಡಿ ಡೊನೊವನ್ ಕ್ಲಿಂಗನ್ ಎಂಬ ಸೆಂಟರನ್ನು ತಂದಾಗಿದೆ, ಮತ್ತೊಬ್ಬ ಯಾಕೆ? ಚೀನಾದ ಲೀಗಿನಲ್ಲಿ ಆಡಿದ್ದು ಯಾವ ಲೆಕ್ಕ? ಕಾಲು ನಿಧಾನ. ಎದುರಿನ ಚುರುಕು ಹುಡುಗರು ಇವನನ್ನು ಸುತ್ತು ಹಾಕಿಸಿ ಕುಣಿಸುತ್ತಾರೆ. ಇನ್ನೊಂದು ಪಕ್ಷದ ವಾದ: ಎತ್ತರ ಯಾರೂ ಕಲಿಸಿ ಬರುವುದಲ್ಲ. ಅಷ್ಟು ಎತ್ತರದವನು ಇಷ್ಟು ಚೆನ್ನಾಗಿ ಪಾಸ್ ಕೊಡುತ್ತಾನೆಂದರೆ ದೇವರು ಕೊಟ್ಟದ್ದು. ಸೆರ್ಬಿಯದ ನಿಕೊಲಾ ಯೋಕಿಚ್ 2014ರಲ್ಲಿ 41ನೆಯ ಸರದಿಗೆ ಸಿಕ್ಕವನಲ್ಲವೆ? ಮೂರು ಸಲ ಲೀಗಿನ ಶ್ರೇಷ್ಠ ಆಟಗಾರ ಆಗಲಿಲ್ಲವೆ? 2023ರಲ್ಲಿ ಡೆನ್ವರ್‌ಗೆ ಪ್ರಶಸ್ತಿ ಗೆದ್ದುಕೊಡಲಿಲ್ಲವೆ?

ಪೋರ್ಟ್‌ಲೆಂಡಿನವರ ಭಯಕ್ಕೆ ಕಾರಣ ಇಲ್ಲದೆ ಇಲ್ಲ. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಂತೆ. 1974ರಲ್ಲಿ ಅವರು ಬಿಲ್ ವಾಲ್ಟನ್ ಎಂಬ ಸೆಂಟರನ್ನು ತಂದರು. 1977ರಲ್ಲಿ ಅವನು ಪ್ರಶಸ್ತಿಯನ್ನೇನೋ ತಂದುಕೊಟ್ಟ, ಆದರೆ ಅವನ ಪಾದಗಳು ಕೈಕೊಟ್ಟವು. 1984ರಲ್ಲಿ ಎರಡನೆಯ ಸರದಿಯಲ್ಲಿ ಸ್ಯಾಮ್ ಬೋವಿ ಎಂಬ ಸೆಂಟರನ್ನು ಆರಿಸಿದರು. ಕಾಲಿನ ಮೂಳೆ ಬಿರುಕುಬಿಟ್ಟು ಕಾಲೇಜಿನಲ್ಲೇ ಎರಡು ಸೀಸನ್ ಕಳೆದುಕೊಂಡಿದ್ದ ಹುಡುಗ ಅವನು. ಮೂರನೆಯ ಸರದಿಯಲ್ಲಿ ಶಿಕಾಗೋದವರು ಆರಿಸಿಕೊಂಡದ್ದು ಮೈಕೆಲ್ ಜೋರ್ಡನ್‌ನನ್ನು! 2007ರಲ್ಲಿ ಮೊದಲ ಸರದಿಯಲ್ಲೇ ಗ್ರೆಗ್ ಓಡನ್ ಎಂಬ ಮತ್ತೊಬ್ಬ ಸೆಂಟರ್ ಬಂದ. ಎರಡನೆಯವನಾಗಿ ಉಳಿದು ಬೇರೆ ತಂಡಕ್ಕೆ ಹೋದವನು ಕೆವಿನ್ ಡ್ಯೂರಂಟ್. ಓಡನ್ ಮಂಡಿ ಕೆಟ್ಟು ಆ ತಂಡಕ್ಕೆ ಆಡಿದ್ದು ಒಟ್ಟು 82 ಪಂದ್ಯ, ಅಂದರೆ ಒಂದು ವರ್ಷದ ಲೆಕ್ಕ. ಆ ಊರಿನಲ್ಲಿ ಎಳೆಯ ಸೆಂಟರ್ ಬಂದನೆಂದರೆ ಜನ ಮೊದಲು ಅವನ ಕಾಲು ನೋಡುತ್ತಾರೆ, ಆಮೇಲೆ ಮುಖ.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ನನ್ನ ತಕರಾರು ಉಳಿಯುತ್ತದೆ. ಈ ಎರಡೂ ಪಕ್ಷದವರು ಕೂತು ಮಾತಾಡುವುದು ತಂಡದ ಯಜಮಾನನ ಕುರ್ಚಿಯಲ್ಲಿ. "ನಮಗೆ ಲಾಭವೋ, ನಷ್ಟವೋ?" ಇದೊಂದೇ ಪ್ರಶ್ನೆ. ಸಂತೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡುವ ಹಾಗೆ. ಜೂಜು ಕಟ್ಟಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಅಲ್ಲಿಯ ಕಾನೂನು ನೋಡಿ: ಮೊದಲನೆಯ ಸುತ್ತಿನಲ್ಲಿ ಬಂದವನಿಗೆ ಎರಡು ವರ್ಷದ ಸಂಬಳ ಖಾತ್ರಿ. ಮೂರನೆಯ, ನಾಲ್ಕನೆಯ ವರ್ಷ ತಂಡದ ಮರ್ಜಿ. ಎರಡನೆಯ ಸುತ್ತಿನವನಿಗೆ ಆ ಎರಡು ವರ್ಷದ ಖಾತ್ರಿಯೂ ಇಲ್ಲ. ತಂಡಕ್ಕೆ ಹೋಗುವುದು ಒಂದು ಸರದಿ, ಮುಂದಿನ ವರ್ಷ ಮತ್ತೊಂದು ಬರುತ್ತದೆ. ಹುಡುಗನಿಗೆ ಇಪ್ಪತ್ತನೆಯ ವರ್ಷ ಎರಡನೆಯ ಸಲ ಬರುವುದಿಲ್ಲ. ನಿಜವಾಗಿ ಪಣಕ್ಕೆ ಬಿದ್ದಿರುವವನು ಅವನೇ.

ಈ ಮಾತಿಗೆ ನಮ್ಮ ದೇಶದಲ್ಲೇ ಒಂದು ಉದಾಹರಣೆ ಇದೆ. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್. ಏಳು ಅಡಿ ಎರಡು ಅಂಗುಲ. ಲೂಧಿಯಾನದ ಅಕಾಡೆಮಿಯಲ್ಲಿ ಆಟ ಕಲಿತ. 2010ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಅಮೆರಿಕದ ಫ್ಲಾರಿಡಾದ ಅಕಾಡೆಮಿಗೆ ಹೋದ. 2015ರಲ್ಲಿ ಡಲ್ಲಾಸ್ ತಂಡ ಎರಡನೆಯ ಸುತ್ತಿನ 52ನೆಯ ಸರದಿಯಲ್ಲಿ ಅವನನ್ನು ಆರಿಸಿತು. ಭಾರತದಲ್ಲಿ ಹುಟ್ಟಿದವನೊಬ್ಬ ಹೀಗೆ ಆಯ್ಕೆಯಾದದ್ದು ಅದೇ ಮೊದಲು. ಕಾಲೇಜು ಆಟ ಆಡಿದವನಲ್ಲ, ಹೊರದೇಶದ ಲೀಗು ಆಡಿದವನಲ್ಲ, ನೆಟ್ಟಗೆ ಶಾಲೆಯಿಂದ ಬಂದವನು. ಅಲ್ಲಿಯ ಕೆಲವರು, ಭಾರತದ ಮಾರುಕಟ್ಟೆ ನೋಡಿ ಆರಿಸಿದರು ಎಂದು ಮೂಗು ಮುರಿದರು. ಇಲ್ಲಿ ನಾವು ಎದೆ ತಟ್ಟಿಕೊಂಡೆವು. ನಾನಾಗ ಶಾಲೆಯ ಹುಡುಗ. ಪೇಪರಿನಲ್ಲಿ ಬಂದ ಅವನ ಚಿತ್ರ ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದ್ದೆ.

ಆಮೇಲೆ? ಡಲ್ಲಾಸಿನವರು ಅವನನ್ನು ಕೆಳಗಿನ ಲೀಗಿನ ಟೆಕ್ಸಾಸ್ ಲೆಜೆಂಡ್ಸ್ ತಂಡಕ್ಕೆ ಕಳಿಸಿದರು. ಅಲ್ಲಿ ಎರಡು ಸೀಸನ್, ಬಹುಪಾಲು ಬೆಂಚಿನ ಮೇಲೆ. ಎನ್.ಬಿ.ಎ. ಲೀಗಿನ ಒಂದು ಪಂದ್ಯವನ್ನೂ ಅವನು ಆಡಲಿಲ್ಲ. ಊರಿಗೆ ಬಂದ, ಕೆನಡಾಕ್ಕೆ ಹೋದ. 2019ರಲ್ಲಿ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಎರಡು ವರ್ಷದ ನಿಷೇಧಕ್ಕೆ ಒಳಗಾದ. 2021ರಲ್ಲಿ ಅಮೆರಿಕದ ವೃತ್ತಿಪರ ಕುಸ್ತಿಯ ಕಂಪನಿಯೊಂದನ್ನು ಸೇರಿದ. ತಪ್ಪು ಅವನದೂ ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಮೂಗು ಮುರಿದವರು ಮತ್ತು ಎದೆ ತಟ್ಟಿಕೊಂಡವರು, ನಾವೆಲ್ಲ ಎಲ್ಲಿ ಹೋದೆವು? ಮೊದಲ ದಿನ ತೀರ್ಪು ಕೊಟ್ಟು ಮನೆಗೆ ಹೋದೆವು. ಅವನನ್ನು ಎಷ್ಟು ನಿಮಿಷ ಆಡಿಸುತ್ತಾರೆ, ಯಾರು ಕಲಿಸುತ್ತಾರೆ ಎಂದು ವಿಚಾರಿಸಿದವರು ಎಷ್ಟು ಜನ?

ಈ ಪ್ರಶ್ನೆ ಸೆಂಟರ್ ಆಡುವವನಿಗೆ ಜೀವನ್ಮರಣದ್ದು. ಗಿಡ್ಡ ಹುಡುಗ ಓಣಿಯಲ್ಲಿ ತನ್ನಂಥ ಹತ್ತು ಜನರ ಜೊತೆ ಗುದ್ದಾಡಿ ಕಲಿಯುತ್ತಾನೆ. ಆರೂವರೆ, ಏಳು ಅಡಿಯ ಹುಡುಗನಿಗೆ ಊರಲ್ಲಿ ಜೊತೆಗಾರನೇ ಇರುವುದಿಲ್ಲ. ಸುಮ್ಮನೆ ನಿಂತು ಕೈ ಎತ್ತಿದರೆ ಚೆಂಡು ಅವನದು. ಹಾಗಾಗಿ ಕಲಿಯುವ ಅಗತ್ಯವೇ ಬೀಳುವುದಿಲ್ಲ. ಸಮಾನ ಎತ್ತರದವರ ನಡುವೆ ಹೋಗಿ ನಿಂತ ದಿನ ಅವನಿಗೆ ಅಆಇಈ ಶುರು. ಯಾವ ಗಳಿಗೆಯಲ್ಲಿ ಹಾರಬೇಕು, ಫೌಲಾಗದ ಹಾಗೆ ಹೇಗೆ ಅಡ್ಡ ನಿಲ್ಲಬೇಕು, ಇವನ್ನೆಲ್ಲ ಪಂದ್ಯ ಆಡದೆ ಕಲಿಯುವುದು ದಡದಲ್ಲಿ ಕೂತು ಈಜು ಕಲಿತ ಹಾಗೆ. ಯೋಕಿಚ್‌ನ ಹೆಸರು ಹೇಳುವವರು ಒಂದು ಸಂಗತಿ ಮರೆಯುತ್ತಾರೆ: ಆಯ್ಕೆಯಾದ ಮೇಲೂ ಅವನು ಒಂದು ವರ್ಷ ತನ್ನ ನಾಡಿನ ತಂಡದಲ್ಲೇ ಉಳಿದು ಆಡಿ, ಆಮೇಲೆ ಡೆನ್ವರ್‌ಗೆ ಹೋದ. ಲಾಸ್ ಏಂಜಲೀಸಿನ ಲೇಕರ್ಸ್ ತಂಡ 2005ರಲ್ಲಿ ಆಂಡ್ರೂ ಬೈನಮ್ ಎಂಬ ಹದಿನೇಳರ ಹುಡುಗನನ್ನು ತಂದಾಗ, ಅವನಿಗೆ ಪಾಠ ಹೇಳಲೆಂದು ಕರೀಮ್ ಅಬ್ದುಲ್ ಜಬ್ಬಾರ್ ಅಂಥ ಮಹಾರಥಿಯನ್ನೇ ಇಟ್ಟಿತು. 2007ರಲ್ಲಿ ತಂಡದ ದೊಡ್ಡ ಆಟಗಾರ ಕೋಬಿ ಬ್ರಯಂಟ್, ಈ ಹುಡುಗನನ್ನು ಕೊಟ್ಟು ಜೇಸನ್ ಕಿಡ್‌ನನ್ನು ತರಬೇಕಿತ್ತು ಎಂದು ಕೂಗಾಡಿದ. ತಂಡ ಹುಡುಗನನ್ನು ಬಿಟ್ಟುಕೊಡಲಿಲ್ಲ. 2009, 2010ರಲ್ಲಿ ಲೇಕರ್ಸ್ ಪ್ರಶಸ್ತಿ ಗೆದ್ದಾಗ ಅದೇ ಬೈನಮ್ ತಂಡದಲ್ಲಿದ್ದ. ಮುಂದೆ ಮಂಡಿ ನೋವು ಅವನ ಆಟವನ್ನು ಬೇಗ ಮುಗಿಸಿತು, ಅದು ಬೇರೆ ದುಃಖ. ಆದರೆ ಅವನಿಗೆ ಗುರುವೂ ಸಿಕ್ಕ, ನಿಮಿಷಗಳೂ ಸಿಕ್ಕವು.

ಇನ್ನು ನನ್ನ ಮುಳ್ಳಿನ ವಿಷಯ. ಎರಡು ವರ್ಷದ ಹಿಂದೆ ನಮ್ಮ ಕಾಲೇಜಿಗೆ ಬಾಗಲಕೋಟೆ ಕಡೆಯ ಹಳ್ಳಿಯಿಂದ ಒಬ್ಬ ಹುಡುಗ ಬಂದ. ಆರು ಅಡಿ ಐದು ಅಂಗುಲ. ಪ್ರವೇಶದ ಸಾಲಿನಲ್ಲಿ ನಿಂತಾಗಲೇ ನಾವು ಅವನನ್ನು ನೋಡಿಟ್ಟುಕೊಂಡೆವು. ಹೋಗಿ ತಂಡಕ್ಕೆ ಕರೆದವನು ನಾನೇ. ಮೊದಲ ವಾರ ಅವನ ಕೈಯಿಂದ ಚೆಂಡು ಸೋಪಿನ ಹಾಗೆ ಜಾರಿತು. ಎರಡನೆಯ ವಾರವೂ ಜಾರಿತು. ಮೂರನೆಯ ವಾರ ನಾನೇ ಉಳಿದವರಿಗೆ, "ಅವನಿಗೆ ಪಾಸ್ ಕೊಡಬೇಡ್ರೋ," ಎಂದೆ. ಅವನಿಗೆ ಕೇಳಿಸುವಷ್ಟು ಜೋರಾಗಿಯೇ ಎಂದೆ. ಒಂದು ಪಂದ್ಯದಲ್ಲಿ ಇಪ್ಪತ್ತು ಪಾಯಿಂಟು ಹಿಂದೆ ಬಿದ್ದ ಮೇಲೆ, ಕೊನೆಯ ನಾಲ್ಕು ನಿಮಿಷಕ್ಕೆ ಅವನನ್ನು ಇಳಿಸಿದೆವು. ಬಂದವನೇ ಎರಡು ಫೌಲು ಮಾಡಿದ. ಬೆಂಚಿನ ಮೇಲೆ ಕೂತು ನಾವು ನಕ್ಕೆವು. ಇಡೀ ಸೀಸನ್ನಿನಲ್ಲಿ ಅವನು ಅಂಗಳದಲ್ಲಿ ಇದ್ದದ್ದು ಕಾಲು ಗಂಟೆ ಇರಬಹುದು.

ಆ ಸಂಜೆ ಲೋಕಲ್ ಗಾಡಿಯಲ್ಲಿ ಬಾಗಿಲ ಹತ್ತಿರ ನಿಂತಿದ್ದೆವು. ಅವನು ತಲೆ ಬಗ್ಗಿಸಿಕೊಂಡೇ ನಿಂತಿದ್ದ. ಎತ್ತರಕ್ಕೋ, ನಾಚಿಕೆಗೋ ನನಗೆ ತಿಳಿಯಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದ: "ಅಣ್ಣಾ, ನಾ ಊರಾಗ ಕಬಡ್ಡಿ ಆಡಾಂವ. ಈ ಆಟ ನನಗ ಬರತೈತಿ ಅಂತ ನಾ ಎಂದರೆ ಹೇಳಿದ್ನೇನ್ರಿ? ನೀವಽ ಎತ್ತರ ನೋಡಿ ಕರದ್ರಿ. ಈಗ ಇವನ್ನ ಯಾಕ ಕರದ್ವಿ ಅಂತ ನೀವಽ ನಗಾಕತ್ತೀರಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ದೀಪಾವಳಿ ರಜೆ ಮುಗಿಸಿ ಬಂದವನು ಮತ್ತೆ ಅಂಗಳಕ್ಕೆ ಬರಲಿಲ್ಲ. ಈಗಲೂ ಮೆಸ್ಸಿನಲ್ಲಿ ಸಿಗುತ್ತಾನೆ, ನಮಸ್ಕಾರ ಮಾಡುತ್ತಾನೆ. ಅವನು ಒಳ್ಳೆಯ ಆಟಗಾರ ಆಗುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದವನು ನಾನು, ನನ್ನ ನೋವು ಅದು.

"ಗೆಲ್ಲಬೇಕಾದ ತಂಡವೇನು ಕನ್ನಡ ಶಾಲೆಯೇ, ಒಬ್ಬೊಬ್ಬನಿಗೂ ಕೈ ಹಿಡಿದು ತಿದ್ದಿಸುವುದಕ್ಕೆ?" ಎಂದು ವಿಜಾಪುರದ ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಎತ್ತರ ಇದ್ದವರೆಲ್ಲ ಆಡಲೇಬೇಕು ಎಂದು ನಾನು ಹೇಳುತ್ತಿಲ್ಲ. ಕಲಿಸುವ ವ್ಯವಧಾನ ಇಲ್ಲದಿದ್ದರೆ ಕರೆಯಬೇಡಿ. ಕರೆದ ಮೇಲೆ ಮೂರು ಋಣ ಇವೆ. ಮೊದಲನೆಯದು, ಯಾರು ಕಲಿಸುತ್ತಾರೆ ಎಂದು ಕರೆಯುವ ಮುಂಚೆ ಗೊತ್ತುಮಾಡಿಕೊಳ್ಳುವುದು. ಎರಡನೆಯದು, ಸೋಲು ಖಚಿತವಾದ ಮೇಲೆ ಎಸೆಯುವ ಎಂಜಲು ನಿಮಿಷಗಳನ್ನಲ್ಲ, ಲೆಕ್ಕಕ್ಕೆ ಬರುವ ನಿಮಿಷಗಳನ್ನು ಕೊಡುವುದು. ಮೂರನೆಯದು, ಇಷ್ಟು ಕಾಲದವರೆಗೆ ತೀರ್ಪು ಹೇಳುವುದಿಲ್ಲ ಎಂದು ಗಡುವು ಹಾಕಿಕೊಳ್ಳುವುದು. ಅದು ಮುಗಿದ ಮೇಲೂ ಆಟ ಬರದಿದ್ದರೆ ಮರ್ಯಾದೆಯಿಂದ ಹೇಳಿ ಕಳಿಸಿ, ಅವನೂ ಬೇಸರಪಡುವುದಿಲ್ಲ.

ಯಾಂಗ್ ಹಾನ್ಸೆನ್‌ನ ಬಗ್ಗೆಯೂ ನನ್ನ ಅಭಿಪ್ರಾಯ ಇಷ್ಟೇ. ಅವನು ಇನ್ನೊಬ್ಬ ಯೋಕಿಚ್ ಅಲ್ಲ, ಇನ್ನೊಬ್ಬ ಓಡನ್ನೂ ಅಲ್ಲ. ಅವನ ಪಾಡಿಗೆ ಅವನು ಯಾಂಗ್. "ಇನ್ನೂ ಸಾಬೀತಾಗದವನು" ಎಂದು ಹೇಳುವಾಗ ನಾವು ಅವನಲ್ಲಿ ಏನೋ ಕೊರತೆ ಇದೆ ಎಂಬ ಧಾಟಿಯಲ್ಲಿ ಹೇಳುತ್ತೇವೆ. ಅವನನ್ನು ನಾವು ಇನ್ನೂ ನೋಡಿಲ್ಲ ಎಂಬುದಷ್ಟೇ ಆ ಮಾತಿನ ಅರ್ಥ. ಪೋರ್ಟ್‌ಲೆಂಡಿನ ಅಭಿಮಾನಿ ಕೂಗಬೇಕಾದರೆ ಕೂಗಲಿ, ಆದರೆ ಹುಡುಗನ ಮೇಲಲ್ಲ, ತಂಡದ ಮೇಲೆ: ಕರೆದಿರಿ, ಇನ್ನು ಇವನಿಗೆ ಏನು ಕೊಡುತ್ತೀರಿ?

ಕೊನೆಗೆ ಸಂಪಾದಕರಿಗೂ ಒಂದು ಮಾತು, ಯಾಕೆಂದರೆ ಸಾಹಿತ್ಯದ ಗಂಧವಿಲ್ಲ ಎಂದು ಈ ಲೇಖನವನ್ನು ಅವರು ಬದಿಗಿಡಬಾರದು. ಪ್ರತಿ ಜೂನಿನಲ್ಲಿ ನಮ್ಮ ಸಂಘವೂ ಹೊಸಬರನ್ನು ಕರೆಯುತ್ತದೆ. "ಬನ್ನಿ, ಬರೆಯಿರಿ" ಎಂದು ಬೋರ್ಡಿನ ಮೇಲೆ ಹಾಕುತ್ತೇವೆ. ಅವರು ಅಂಜುತ್ತ ಕವನ ತಂದುಕೊಟ್ಟರೆ, ಚಹಾದ ಜೊತೆ ಅದನ್ನು ಓದಿ ನಗುವವರೂ ನಾವೇ. ಆ ಕಟ್ಟು ಈಗಲೂ ಕಪಾಟಿನ ಕೆಳಗಿನ ಅರೆಯಲ್ಲಿದೆ, ನಾನು ನೋಡಿದ್ದೇನೆ. ಈ ಸಂಚಿಕೆಯಲ್ಲಿ ಜಾಗ ಸಾಲದೆ ಹೋದರೆ ನನ್ನ ಲೇಖನದ ಅರ್ಧ ಕತ್ತರಿಸಿ, ಆ ಕಟ್ಟಿನಿಂದ ಒಂದು ಕವನ ಹಾಕಿ. ನನಗೆ ಬೇಸರವಿಲ್ಲ.

ನಾಳೆ ಸಂಜೆ ಮಳೆ ನಿಂತರೆ ನಾನು ಅವನ ಕೋಣೆಗೆ ಹೋಗುವವನಿದ್ದೇನೆ, ಚೆಂಡು ಹಿಡಿದುಕೊಂಡು. ಅವನು ಬರಲಿಕ್ಕಿಲ್ಲ. ಆದರೂ ಕರೆದವನು ನಾನಲ್ಲವೆ, ಹೋಗಬೇಕಾದವನೂ ನಾನೇ.