ಮನೆಯಂಗಳ: ಬ್ಯಾಟರಿ ಹೊರಗೆ, ಆಮೇಲೆ ಕೈ



ಮೊನ್ನೆ ಗಾಂಧಿ ಚೌಕದ ಕಡೆ ಕಾಯಿಪಲ್ಲೆಗೆಂದು ಹೊರಟಿದ್ದೆ. ಪಕ್ಕದ ಮನೆಯ ವೈನಿ ಬೆರಳಿಗೆ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.

“ಏನಾತ್ರೀ ವೈನಿ?”

“ಮಗಾ ತಂದುಕೊಟ್ಟ ಬ್ಯಾಟರಿ ಟ್ರಿಮ್ಮರಿನಿಂದ ಮದರಂಗಿ ಬೇಲಿ ಕತ್ತರಿಸಾಕತ್ತಿದ್ದೆ. ಕಡ್ಡಿ ಸಿಕ್ಕಿ ನಿಂತ್ತು. ನಿಂತದಲ್ಲಾ ಅಂತ ಕೈ ಹಾಕಿ ಎಳದೆ. ಇನ್ನೊಂದು ಕೈ ಸ್ವಿಚ್ಚಿನ ಮ್ಯಾಲೇ ಇತ್ತು ನೋಡ್ರಿ!”

ಮೂರು ಹೊಲಿಗೆಗೆ ಮುಗಿಯಿತು, ಪುಣ್ಯ.

ವೈರಿನ ಯಂತ್ರವಾದರೆ ಪ್ಲಗ್ ಕಿತ್ತು ನಿಶ್ಚಿಂತರಾಗುತ್ತೇವೆ. ಇದಕ್ಕೆ ವೈರಿಲ್ಲ, ಆದರೆ ಕರೆಂಟು ಹೊಟ್ಟೆಯೊಳಗೇ ಇರುತ್ತದೆ. ಮನೆಬಳಕೆಯ ಎಷ್ಟೋ ಯಂತ್ರಗಳಲ್ಲಿ ಹಲ್ಲುಗಳ ನಡುವಿನ ಸಂದು 15 ಮಿ.ಮೀ. ಆಸುಪಾಸು. ನಮ್ಮ ಬೆರಳೂ ಹೆಚ್ಚುಕಡಿಮೆ ಅಷ್ಟೇ ದಪ್ಪ! ಕಡ್ಡಿ ಯಾವುದು, ಬೆರಳು ಯಾವುದು, ಅದಕ್ಕೇನು ಗೊತ್ತು? ಆದ್ದರಿಂದ ಕಡ್ಡಿ ತೆಗೆಯಲಿ, ಒರೆಸಲಿ, ಎಣ್ಣೆ ಬಿಡಲಿ, ಮೊದಲು ಬ್ಯಾಟರಿ ಕಳಚಿ ಪಕ್ಕಕ್ಕಿಡಿ.

ಶುರು ಮಾಡುವ ಮುಂಚೆ: ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಜಡೆಯನ್ನು ತುರುಬು ಕಟ್ಟಿ. ದಪ್ಪ ಕೈಗವಸು, ಕನ್ನಡಕ, ಮುಚ್ಚಿದ ಚಪ್ಪಲಿ ಅಥವಾ ಬೂಟು ಇರಲಿ. ಬೇಲಿಯೊಳಗೆ ತಂತಿ, ಬಟ್ಟೆ ಒಣಗಿಸುವ ಹಗ್ಗ, ಹಕ್ಕಿಗೂಡು ಇದೆಯೇ ಎಂದು ಕೋಲಿನಿಂದ ಸರಿಸಿ ನೋಡಿ. ಗೂಡಿನಲ್ಲಿ ಮೊಟ್ಟೆಮರಿ ಇದ್ದರೆ ಆ ಭಾಗವನ್ನು ಕೆಲವು ವಾರ ಬಿಟ್ಟುಬಿಡಿ. ಮಕ್ಕಳನ್ನು ದೂರ ಕಳಿಸಿ.

ಕತ್ತರಿಸುವಾಗ: ಎರಡೂ ಕೈಯಲ್ಲಿ ಹಿಡಿಯಿರಿ. ಸ್ಟೂಲು, ಕುರ್ಚಿ ಹತ್ತಬೇಡಿ. ಎಲೆ ಒದ್ದೆಯಿದ್ದರೆ ಆ ದಿನ ಕೆಲಸ ಬೇಡ. ಪಕ್ಕಗಳನ್ನು ಕೆಳಗಿನಿಂದ ಮೇಲಕ್ಕೆ ಕತ್ತರಿಸಿ. ಬುಡ ಅಗಲ, ತಲೆ ಸ್ವಲ್ಪ ಕಿರಿದಾಗಿದ್ದರೆ ಕೆಳಗಿನ ಎಲೆಗೂ ಬಿಸಿಲು ಸಿಕ್ಕಿ ಬೇಲಿ ಬುಡದಲ್ಲಿ ಬೋಳಾಗುವುದಿಲ್ಲ. ದಪ್ಪ ಕೊಂಬೆಗೆ ಕೈಗರಗಸವೇ ಸರಿ.

ಮುಗಿದ ಮೇಲೆ: ಅಲಗಿಗೆ ಅಂಟಿದ ಎಲೆ, ಹಾಲನ್ನು ಬ್ರಷ್ಷಿನಿಂದ ತಿಕ್ಕಿ, ಒಣಬಟ್ಟೆಯಿಂದ ಒರೆಸಿ. ನೀರು ಸುರಿಯಬೇಡಿ. ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ ಸಾಕು. ಅಡುಗೆ ಎಣ್ಣೆ ಬೇಡ, ಧೂಳು ಕೂಡಿ ಜಿಗುಟಾಗುತ್ತದೆ. ಅಲಗಿನ ಕವಚ ಹಾಕಿಯೇ ಎತ್ತಿಡಿ.

ಇನ್ನು ನಮ್ಮ ವಿಜಯಪುರದ ಬಿಸಿಲು! ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಲಿಥಿಯಂ ಬ್ಯಾಟರಿಗೆ ಇಂಥ ಕಾವು ಆಗದು. ತಗಡಿನ ಕೋಣೆಯಲ್ಲಿ, ಕಾರಿನಲ್ಲಿ ಇಡಬೇಡಿ. ಕೆಲಸ ಮುಗಿದ ಕೂಡಲೇ ಚಾರ್ಜಿಗೂ ಹಾಕಬೇಡಿ. ಆರಿದ ಮೇಲೆ, ಕಣ್ಣೆದುರೇ ಹಾಕಿ. ತಿಂಗಳುಗಟ್ಟಲೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ ತಂಪಾದ ಜಾಗದಲ್ಲಿಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ, ಕಸದ ಗಾಡಿಗೂ ಹಾಕಬೇಡಿ. 2022ರ ನಿಯಮದಂತೆ ಹಳೆಯ ಬ್ಯಾಟರಿ ಸಂಗ್ರಹಿಸುವ ಹೊಣೆ ತಯಾರಕರದು; ಕೊಂಡ ಅಂಗಡಿಯಲ್ಲಿ ಕೇಳಿ.

ವೈನಿ ಈಗ ಬ್ಯಾಟರಿ ಕಳಚಿ ಕಟ್ಟೆಯ ಮೇಲಿಟ್ಟ ಮೇಲೇ ಅಲಗು ಮುಟ್ಟುತ್ತಾರೆ. ನೀವೂ ಹಂಗ ಮಾಡ್ರಿ. ಬೇಲಿ ಮತ್ತೆ ಚಿಗುರುತ್ತದೆ, ಬೆರಳು ಚಿಗುರುವುದಿಲ್ಲ.